ಗೋಲ್ಡ್ ಕೋಸ್ಟ್‌ನ ಸ್ವಯಮಾಡಳಿತದ ಜಗಳ: ಬಹುಮತವನ್ನು ಯಾವ ಗಡಿಯೊಳಗೆ ಎಣಿಸಬೇಕಿತ್ತು?

ಪ್ರಶ್ನೆ: ನಾನು ಪುತ್ತೂರು ತಾಲ್ಲೂಕಿನವನು, ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ಅಡಿಕೆ ತೋಟದ ನಡುವೆ ಸ್ವಲ್ಪ ಕೊಕ್ಕೊ ಇದೆ. ಮಗ ಘಾನಾದ ಅಕ್ರಾದಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ಇಬ್ಬರು ಸಹೋದ್ಯೋಗಿಗಳು ಸ್ವಾತಂತ್ರ್ಯಕ್ಕೆ ಮುಂಚೆ, ಘಾನಾ ಇನ್ನೂ ಗೋಲ್ಡ್ ಕೋಸ್ಟ್ ಎಂಬ ಬ್ರಿಟಿಷ್ ವಸಾಹತಾಗಿದ್ದಾಗಿನ ಒಂದು ವಿವಾದದ ಬಗ್ಗೆ ಪರಸ್ಪರ ವಿರುದ್ಧವಾದ ಕಥೆಗಳನ್ನು ಹೇಳುತ್ತಾರಂತೆ. 1954ರಲ್ಲಿ ಅಶಾಂತಿ ಪ್ರದೇಶದಲ್ಲಿ ಎದ್ದ ಒಕ್ಕೂಟ ವ್ಯವಸ್ಥೆಯ ಬೇಡಿಕೆ ಸ್ವಾತಂತ್ರ್ಯವನ್ನು ತಡೆಯಲು ಬ್ರಿಟಿಷರೂ ಅಲ್ಲಿನ ಅರಸರೂ ಸೇರಿ ಹೂಡಿದ ಸಂಚು ಎಂದು ಒಬ್ಬರ ವಾದ. ಆಗಿನ ಪ್ರಧಾನಿ ಎನ್‌ಕ್ರುಮಾ ಸರ್ವಾಧಿಕಾರಿಯಾಗುವುದನ್ನು ಮೊದಲೇ ಕಂಡ ಪ್ರಜಾಪ್ರಭುತ್ವವಾದಿಗಳ ಹೋರಾಟ ಅದು ಎಂದು ಇನ್ನೊಬ್ಬರ ವಾದ. ಇದಕ್ಕೆಲ್ಲ ಕೊಕ್ಕೊ ಬೆಲೆಯೇ ಕಾರಣ ಎಂದೂ ಓದಿದ್ದೇನೆ. ನಮ್ಮೂರಿನ ಓದುಗರ ಬಳಗದಲ್ಲಿ ಈ ಬಗ್ಗೆ ಮಾತಾಡಬೇಕಾಗಿದೆ. ತಪ್ಪು ಹೇಳಿಬಿಡುತ್ತೇನೇನೋ ಎಂಬ ಅಳುಕಿದೆ. ಯಾವುದು ನಿಜ? ಬೇರೆ ದಾರಿ ಏನಾದರೂ ಇತ್ತೇ?

ಉತ್ತರ: ನಿಮ್ಮ ಅಳುಕು ಸಹಜವಾದದ್ದು. ಆಫ್ರಿಕಾದ ವಸಾಹತು ಇತಿಹಾಸವನ್ನು ಪಾಠ ಮಾಡುವ ನನ್ನ ಅನುಭವದಲ್ಲಿ, ವಿದ್ಯಾರ್ಥಿಗಳು ಒಂದೇ ವಾರದಲ್ಲಿ ಎರಡು ಗುಂಪುಗಳಾಗಿ ಬೇರ್ಪಡುವ ವಿಷಯವೆಂದರೆ ಇದೇ. ನಿಮ್ಮ ಪ್ರಶ್ನೆಯ ಒಳಗಿರುವ ಆತಂಕವನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಸ್ವಾತಂತ್ರ್ಯದ ಹೊಸ್ತಿಲಲ್ಲಿರುವ ದೇಶದ ಒಂದು ಭಾಗ ತನಗೆ ಪ್ರತ್ಯೇಕ ಸ್ವಯಮಾಡಳಿತ ಬೇಕೆಂದು ಕೇಳಿದರೆ ಅದನ್ನು ದ್ರೋಹವೆಂದು ತಿಳಿಯಬೇಕೇ, ಹಕ್ಕೆಂದು ಒಪ್ಪಬೇಕೇ? ಗೋಲ್ಡ್ ಕೋಸ್ಟ್‌ನ ದಾಖಲೆಗಳು ಎರಡಕ್ಕೂ ಸಾಕ್ಷ್ಯ ಒದಗಿಸುತ್ತವೆ. ಆದ್ದರಿಂದ ನಿಮ್ಮ ಮಗನ ಸಹೋದ್ಯೋಗಿಗಳಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ, ಅರ್ಧ ಮಾತ್ರ ಹೇಳುತ್ತಿದ್ದಾರೆ.

ಮೊದಲು ಘಟನೆಗಳ ಹಿನ್ನೆಲೆ. 1948ರ ಫೆಬ್ರವರಿ 28ರಂದು ಅಕ್ರಾದಲ್ಲಿ ಮಾಜಿ ಸೈನಿಕರ ಮೆರವಣಿಗೆಯ ಮೇಲೆ ಗೋಲಿಬಾರ್ ನಡೆದು ಮೂವರು ಸತ್ತರು, ಅದರ ಬೆನ್ನಿಗೆ ಗಲಭೆಗಳು ಹಬ್ಬಿದವು. ಆ ಬಳಿಕ ಬ್ರಿಟನ್ ಸಂವಿಧಾನ ಸುಧಾರಣೆಯ ಹಾದಿ ಹಿಡಿಯಿತು. ಕ್ವಾಮೆ ಎನ್‌ಕ್ರುಮಾ 1949ರ ಜೂನ್‌ನಲ್ಲಿ, ವಕೀಲರು ಮತ್ತು ವ್ಯಾಪಾರಿಗಳ ನೇತೃತ್ವದ ಹಳೆಯ ಸಂಘಟನೆಯಿಂದ ಹೊರಬಂದು ಕನ್ವೆನ್ಷನ್ ಪೀಪಲ್ಸ್ ಪಾರ್ಟಿಯನ್ನು, ಅಂದರೆ ಸಿಪಿಪಿಯನ್ನು, ಕಟ್ಟಿದರು. ‘ಈಗಲೇ ಸ್ವಯಮಾಡಳಿತ’ ಎಂಬುದು ಅದರ ಘೋಷಣೆಯಾಗಿತ್ತು. 1951ರ ಫೆಬ್ರವರಿಯ ಚುನಾವಣೆಯಲ್ಲಿ ಜನರು ಆರಿಸುವ 38 ಸ್ಥಾನಗಳಲ್ಲಿ 34ನ್ನು ಸಿಪಿಪಿ ಗೆದ್ದಾಗ ಎನ್‌ಕ್ರುಮಾ ಸೆರೆಮನೆಯಲ್ಲಿದ್ದರು. ಗವರ್ನರ್ ಚಾರ್ಲ್ಸ್ ಆರ್ಡೆನ್-ಕ್ಲಾರ್ಕ್ ಅವರನ್ನು ಬಿಡುಗಡೆ ಮಾಡಿ ಸರ್ಕಾರದ ಮುಂದಾಳಾಗಲು ಕರೆದರು, ಮರುವರ್ಷ ಅವರು ಪ್ರಧಾನಿಯಾದರು. 1954ರ ಜೂನ್‌ನಲ್ಲಿ ಹೊಸ ಸಂವಿಧಾನದಡಿ ನಡೆದ ಚುನಾವಣೆಯಲ್ಲಿ ಸಿಪಿಪಿಗೆ 104ರಲ್ಲಿ 72 ಸ್ಥಾನಗಳು ಬಂದವು. ಇಷ್ಟರ ಮಟ್ಟಿಗೆ ದಾರಿ ಸುಗಮವಾಗಿಯೇ ಕಾಣುತ್ತಿತ್ತು.

ಆ ಗೆಲುವಿನ ನಂತರ ಎರಡೇ ತಿಂಗಳಲ್ಲಿ ಪರಿಸ್ಥಿತಿ ಬದಲಾದದ್ದು ಕೊಕ್ಕೊ ಬೆಲೆಯಿಂದ ಎಂದು ನೀವು ಓದಿರುವುದು ಸರಿ. ಗೋಲ್ಡ್ ಕೋಸ್ಟ್‌ನಲ್ಲಿ ರೈತರು ಕೊಕ್ಕೊ ಬೀಜವನ್ನು ನೇರವಾಗಿ ವಿದೇಶಕ್ಕೆ ಮಾರುವಂತಿರಲಿಲ್ಲ. 1947ರಲ್ಲಿ ಸ್ಥಾಪನೆಯಾದ ಕೊಕ್ಕೊ ಮಾರಾಟ ಮಂಡಳಿ ನಿಗದಿತ ದರದಲ್ಲಿ ಎಲ್ಲ ಬೆಳೆಯನ್ನೂ ಕೊಂಡು ಹೊರಗೆ ಮಾರುತ್ತಿತ್ತು. ದರ ಕುಸಿದಾಗ ರೈತರನ್ನು ಕಾಯಲು ಉಳಿತಾಯ ನಿಧಿ ಕಟ್ಟುವುದು ಮಂಡಳಿಯ ಮೂಲ ಉದ್ದೇಶವಾಗಿತ್ತು. 1954ರ ಆಗಸ್ಟ್‌ನಲ್ಲಿ ಹಣಕಾಸು ಸಚಿವ ಕೊಮ್ಲಾ ಗ್ಬೆಡೆಮಾ ಮಂಡಿಸಿದ ಮಸೂದೆಯೊಂದು ರೈತನಿಗೆ ಸಿಗುವ ದರವನ್ನು 60 ಪೌಂಡ್ ತೂಕದ ಒಂದು ಹೊರೆಗೆ 72 ಶಿಲಿಂಗ್ ಎಂದು ನಾಲ್ಕು ವರ್ಷಗಳ ಕಾಲಕ್ಕೆ ಗೊತ್ತುಮಾಡಿತು. ಲೆಕ್ಕ ಹಾಕಿದರೆ ಇದು ಟನ್ನಿಗೆ ಸುಮಾರು 134 ಪೌಂಡ್ ಹಣವಾಗುತ್ತದೆ. ಅದೇ ವರ್ಷ ಹೊರಗಿನ ಮಾರುಕಟ್ಟೆಯಲ್ಲಿ ಕೊಕ್ಕೊ ಟನ್ನಿಗೆ 400 ಪೌಂಡನ್ನೂ ದಾಟಿತ್ತು. ಉಳಿದ ಹಣ ಶಾಲೆ, ರಸ್ತೆ, ಬಂದರುಗಳಿಗೆ ಬೇಕು, ಹೆಚ್ಚು ಹಣ ಒಮ್ಮೆಲೇ ಜನರ ಕೈಗೆ ಹೋದರೆ ಬೆಲೆಯೇರಿಕೆಯಾಗುತ್ತದೆ ಎಂಬುದು ಸರ್ಕಾರದ ಸಮರ್ಥನೆ. ಅರ್ಥಶಾಸ್ತ್ರದ ದೃಷ್ಟಿಯಿಂದ ಆ ವಾದವನ್ನು ತಳ್ಳಿಹಾಕಲಾಗದು. ಆದರೆ ಕೊಕ್ಕೊ ಬೆಳೆಯುವ ನಿಮಗೆ ಆ ರೈತರ ಮನಸ್ಸು ನನಗಿಂತ ಚೆನ್ನಾಗಿ ತಿಳಿದೀತು. ಗಿಡಗಳಿಗೆ ರೋಗ ತಗುಲಿದೆ ಎಂದು ಅವರ ತೋಟಗಳನ್ನು ಸರ್ಕಾರಿ ಆಳುಗಳು ಕಡಿದುಹಾಕಿದ್ದ ನೆನಪೂ ಆಗಿನ್ನೂ ಹಸಿಯಾಗಿತ್ತು.

ಹೀಗಿದ್ದರೂ ಬೆಲೆಯೊಂದೇ ಕಾರಣ ಎನ್ನುವುದು ಅಪೂರ್ಣ ಉತ್ತರ, ಏಕೆಂದರೆ ಕೊಕ್ಕೊ ದಕ್ಷಿಣದ ಕಾಲನಿ ಪ್ರದೇಶದಲ್ಲೂ ಬೆಳೆಯುತ್ತಿತ್ತು, ಅಲ್ಲಿನ ರೈತರಿಗೂ ಅದೇ 72 ಶಿಲಿಂಗ್ ಸಿಗುತ್ತಿತ್ತು, ಆದರೂ ಅಲ್ಲಿ ಇಷ್ಟು ದೊಡ್ಡ ಪ್ರತಿರೋಧ ಹುಟ್ಟಲಿಲ್ಲ. ಅಶಾಂತಿಯಲ್ಲೇ ಅದು ಬೇರೂರಿದ್ದಕ್ಕೆ ಹಳೆಯ ಕಾರಣಗಳಿವೆ. ದೇಶದ ಸುಮಾರು ಅರ್ಧದಷ್ಟು ಕೊಕ್ಕೊ ಬರುತ್ತಿದ್ದುದು ಅಲ್ಲಿಂದಲೇ. ಕುಮಾಸಿಯಲ್ಲಿ ರಾಜಧಾನಿಯಿದ್ದ ಅಶಾಂತಿ ಒಂದು ಕಾಲದ ಬಲಿಷ್ಠ ರಾಜ್ಯವಾಗಿದ್ದು, ಬ್ರಿಟಿಷರೊಂದಿಗೆ ಮತ್ತೆ ಮತ್ತೆ ಕಾದಾಡಿ 1900ರ ಕೊನೆಯ ಯುದ್ಧದ ನಂತರವಷ್ಟೇ ವಸಾಹತಿನ ಅಧೀನಕ್ಕೆ ಬಂದಿತ್ತು. ಕರಾವಳಿಯ ಕಾಲನಿ, ಅಶಾಂತಿ, ಉತ್ತರದ ಪ್ರಾಂತಗಳು, ಮೊದಲ ಮಹಾಯುದ್ಧದ ಬಳಿಕ ಜರ್ಮನಿಯಿಂದ ಕೈಬದಲಾದ ಟೋಗೋಲ್ಯಾಂಡ್‌ನ ಪಶ್ಚಿಮ ಭಾಗ, ಈ ನಾಲ್ಕೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಬಗೆಯಲ್ಲಿ ಬ್ರಿಟಿಷರ ಕೈಗೆ ಬಂದು ಬೇರೆ ಬೇರೆಯಾಗಿಯೇ ಆಳಲ್ಪಟ್ಟವು. ಶಾಸನಸಭೆಯಲ್ಲಿ ಅಶಾಂತಿಗೆ ಪ್ರಾತಿನಿಧ್ಯ ದೊರೆತದ್ದೇ 1946ರಲ್ಲಿ, ಉತ್ತರಕ್ಕೆ ದೊರೆತದ್ದು 1951ರಲ್ಲಿ. ಒಂದೇ ಸೂರಿನಡಿ ಕುಳಿತು ರಾಜಕಾರಣ ಮಾಡುವ ಅಭ್ಯಾಸಕ್ಕೆ ಈ ಜನರಿಗೆ ಸಿಕ್ಕ ಕಾಲ ಎಷ್ಟು ಕಡಿಮೆ ಎಂಬುದನ್ನು ಯೋಚಿಸಿ.

ಇದಕ್ಕೆ 1954ರ ಸಂವಿಧಾನ ಇನ್ನೆರಡು ಅಸಮಾಧಾನಗಳನ್ನು ಸೇರಿಸಿತು. ಹಿಂದಿನ ಸಭೆಯಲ್ಲಿ ಸಾಂಪ್ರದಾಯಿಕ ಮುಖ್ಯಸ್ಥರ ಪ್ರಾದೇಶಿಕ ಮಂಡಲಗಳಿಗೆ ಮೀಸಲಿದ್ದ ಸ್ಥಾನಗಳು ಹೋಗಿ ಎಲ್ಲವೂ ನೇರ ಚುನಾವಣೆಗೆ ಒಳಪಟ್ಟವು. ಹೊಸ ಸಭೆಯಲ್ಲಿ ತಮಗೆ 30 ಸ್ಥಾನ ಬೇಕೆಂದು ಅಶಾಂತಿಯ ಮಂಡಲ ಕೇಳಿದ್ದರೆ ಸಿಕ್ಕಿದ್ದು 21. ಹಣ ನಮ್ಮದು, ತೀರ್ಮಾನ ಅಕ್ರಾದ್ದು ಎಂಬ ಭಾವನೆಗೆ ಇಷ್ಟು ಸಾಕಾಗಿತ್ತು. 1954ರ ಸೆಪ್ಟೆಂಬರ್ 19ರಂದು ಕುಮಾಸಿಯಲ್ಲಿ ನ್ಯಾಷನಲ್ ಲಿಬರೇಷನ್ ಮೂವ್‌ಮೆಂಟ್ ಉದ್ಘಾಟನೆಗೊಂಡಿತು. ಅದನ್ನು ಮುಂದೆ ಎನ್‌ಎಲ್‌ಎಂ ಎನ್ನುತ್ತೇನೆ. ಅಶಾಂತಿ ಅರಸನ ಆಸ್ಥಾನದ ಹಿರಿಯ ವಾಗ್ಮಿ, ಸ್ವತಃ ಕೊಕ್ಕೊ ಬೆಳೆಗಾರರೂ ಆಗಿದ್ದ ಬಾಫೋರ್ ಓಸೆಯಿ ಅಕೋಟೊ ಅದರ ಅಧ್ಯಕ್ಷರಾದರು. ಮುಂದಿನ ತಿಂಗಳು ಅಶಾಂತಿಯ ಮುಖ್ಯಸ್ಥರ ಮಂಡಲವೂ ಬೆಂಬಲ ಘೋಷಿಸಿತು. ಬೇಡಿಕೆ ಬೆಲೆಯಿಂದ ಒಕ್ಕೂಟಕ್ಕೆ ಜಿಗಿಯಲು ಹೆಚ್ಚು ದಿನ ಹಿಡಿಯಲಿಲ್ಲ.

ಈಗ ಸಂಚಿನ ಕಥೆಗೆ ಬರೋಣ. ಒಕ್ಕೂಟದ ಬೇಡಿಕೆಯನ್ನು ಬ್ರಿಟಿಷ್ ಸರ್ಕಾರ ಹುಟ್ಟುಹಾಕಿತು ಎಂಬುದಕ್ಕೆ ದಾಖಲೆಗಳಲ್ಲಿ ಆಧಾರವಿಲ್ಲ, ವಿರುದ್ಧವಾದ ಆಧಾರ ಬೇಕಾದಷ್ಟಿದೆ. ಆರ್ಡೆನ್-ಕ್ಲಾರ್ಕ್ ಎನ್‌ಕ್ರುಮಾ ಜೊತೆಗಿನ ಸಹಕಾರದ ಮೇಲೆಯೇ ತಮ್ಮ ಇಡೀ ಕಾರ್ಯಕ್ರಮವನ್ನು ನಿಲ್ಲಿಸಿದ್ದರು. 1955ರಲ್ಲಿ ಅವರು ಕುಮಾಸಿಗೆ ಹೋದಾಗ ಎನ್‌ಎಲ್‌ಎಂ ಬೆಂಬಲಿಗರು ಅವರ ಮೇಲೆ ಕಲ್ಲು ತೂರಿದರು. ಸಂವಿಧಾನ ಸಲಹೆಗಾರರಾಗಿ ಲಂಡನ್ ಕಳುಹಿಸಿದ ಸರ್ ಫ್ರೆಡರಿಕ್ ಬೋರ್ನ್ ಅದೇ ವರ್ಷದ ಡಿಸೆಂಬರ್‌ನ ವರದಿಯಲ್ಲಿ ಒಕ್ಕೂಟವನ್ನು ಒಪ್ಪದೆ, ಅಧಿಕಾರ ಹಂಚಿಕೆಗಾಗಿ ಪ್ರಾಂತೀಯ ಸಭೆಗಳನ್ನು ಶಿಫಾರಸು ಮಾಡಿದರು. ಬ್ರಿಟನ್ನಿನ ಹೊಣೆ ಇರುವುದು ಬೇರೆ ಕಡೆ. ಪ್ರದೇಶಗಳನ್ನು ಪ್ರತ್ಯೇಕವಾಗಿಟ್ಟು, ಮುಖ್ಯಸ್ಥರ ಮೂಲಕವೇ ಆಳಿ, 1935ರಲ್ಲಿ ಅಶಾಂತಿ ಅರಸೊತ್ತಿಗೆಯನ್ನು ತನ್ನ ಆಡಳಿತದ ಅನುಕೂಲಕ್ಕೆ ಮತ್ತೆ ಸ್ಥಾಪಿಸಿ, ಕೊನೆಗೆ ಕೆಲವೇ ವರ್ಷಗಳಲ್ಲಿ ಎಲ್ಲರನ್ನೂ ಒಂದೇ ಸಂಸತ್ತಿಗೆ ತಂದು ಕೂರಿಸಿದ್ದು ಅವರ ಕೆಲಸ. ಅದು ಸಂಚಿಗಿಂತ ಕಡಿಮೆ ಅಪರಾಧ ಎಂದು ನಾನು ಭಾವಿಸುವುದಿಲ್ಲ, ಆದರೆ ಸಂಚೆಂದು ಕರೆದರೆ ಅಶಾಂತಿಯ ಸಾಮಾನ್ಯ ರೈತನ ದೂರು ಅವನದೇ ಆಗಿತ್ತು ಎಂಬ ಸತ್ಯ ಮುಚ್ಚಿಹೋಗುತ್ತದೆ.

ಅರಸರ ಪಿತೂರಿ ಎಂಬ ಮಾತೂ ಪೂರ್ತಿ ನಿಲ್ಲುವುದಿಲ್ಲ. ಎನ್‌ಎಲ್‌ಎಂ ಕಟ್ಟಿದ ಯುವಕರಲ್ಲಿ ಅನೇಕರು ಅಲ್ಲಿಯವರೆಗೆ ಸಿಪಿಪಿಯ ಕಾರ್ಯಕರ್ತರು. ಪಕ್ಷದ ಅಭ್ಯರ್ಥಿ ಆಯ್ಕೆಯಲ್ಲಿ, ಮಾರಾಟ ಮಂಡಳಿಯ ಅಂಗವಾಗಿದ್ದ ಕೊಕ್ಕೊ ಖರೀದಿ ಕಂಪನಿ ರೈತರಿಗೆ ಸಾಲ ಹಂಚುವುದರಲ್ಲಿ ಕಂಡದ್ದು ಅವರನ್ನು ದೂರ ಮಾಡಿತ್ತು. ಆ ಕಂಪನಿಯನ್ನು ಆಡಳಿತ ಪಕ್ಷ ತನ್ನ ಲಾಭಕ್ಕೆ ಬಳಸಿಕೊಂಡಿದೆ ಎಂಬುದನ್ನು 1956ರಲ್ಲಿ ನ್ಯಾಯಮೂರ್ತಿ ಜಿಬೋವು ಅವರ ವಿಚಾರಣಾ ಆಯೋಗವೂ ಗುರುತಿಸಿತು. ಸಂಘಟನೆಗೆ ಹಣ, ಪ್ರತಿಷ್ಠೆ, ಊರೂರಿನ ಸಂಪರ್ಕ ಬೇಕಾದಾಗ ಈ ಯುವಕರು ಮುಖ್ಯಸ್ಥರ ಬಳಿಗೆ ಹೋದರು, ಮತ್ತು ಹೋದ ಮೇಲೆ ಚಳವಳಿ ಅವರ ಕೈಯಲ್ಲಿ ಪೂರ್ತಿ ಉಳಿಯಲಿಲ್ಲ. ರೈತನ ದೂರು ಅರಸೊತ್ತಿಗೆಯ ದೂರಾಗಿ ಮಾರ್ಪಟ್ಟದ್ದು ಇಲ್ಲಿ. ನನ್ನ ದೃಷ್ಟಿಯಲ್ಲಿ ಎನ್‌ಎಲ್‌ಎಂ ಕಳೆದುಕೊಂಡ ದೊಡ್ಡ ಅವಕಾಶವೂ ಇದೇ, ಏಕೆಂದರೆ ಬೆಲೆಯ ಪ್ರಶ್ನೆಯಲ್ಲೇ ನಿಂತಿದ್ದರೆ ದಕ್ಷಿಣದ ಬೆಳೆಗಾರರೂ ಜೊತೆಗೂಡಬಹುದಿತ್ತು. ಅಶಾಂತಿಯ ಸಿಂಹಾಸನದ ಹೆಸರಿನಲ್ಲಿ ಮಾತಾಡತೊಡಗಿದ ಮೇಲೆ, ಆ ಸಿಂಹಾಸನದ ಸೈನ್ಯವನ್ನು ಹಿಂದೊಮ್ಮೆ ಎದುರಿಸಿದ್ದ ಕರಾವಳಿಯವರು ಬರುವ ಸಾಧ್ಯತೆ ಕಡಿಮೆಯಾಯಿತು.

ಪ್ರಜಾಪ್ರಭುತ್ವದ ಕಾವಲುಗಾರರು ಎಂಬ ಎರಡನೆಯ ಕಥೆಯನ್ನೂ ಇಷ್ಟೇ ಎಚ್ಚರದಿಂದ ನೋಡಬೇಕು. ವಿರೋಧ ಪಕ್ಷದ ಸಂಸದೀಯ ನಾಯಕ ಕೋಫಿ ಬುಸಿಯಾ ಗಂಭೀರ ಸಮಾಜಶಾಸ್ತ್ರಜ್ಞರು. ಬಹುಮತದ ಹೆಸರಿನಲ್ಲಿ ಒಂದೇ ಪಕ್ಷ ಎಲ್ಲವನ್ನೂ ನುಂಗೀತು ಎಂಬ ಅವರ ಭಯ ನಿಜವಾಯಿತು. ಆದರೆ ಕುಮಾಸಿಯ ಬೀದಿಗಳಲ್ಲಿ ಎರಡೂ ಕಡೆಯವರು ಹೊಡೆದಾಡಿದರು, ಮನೆಗಳಿಗೆ ಬಾಂಬ್ ಎಸೆದರು. 1954ರ ಅಕ್ಟೋಬರ್‌ನಲ್ಲಿ ಎನ್‌ಎಲ್‌ಎಂನ ಪ್ರಚಾರ ಕಾರ್ಯದರ್ಶಿ ಇರಿತಕ್ಕೆ ಬಲಿಯಾದರು. 1955ರ ನವೆಂಬರ್‌ನಲ್ಲಿ ಅಕ್ರಾದಲ್ಲಿ ಎನ್‌ಕ್ರುಮಾ ಮನೆಯಲ್ಲೇ ಸ್ಫೋಟ ನಡೆಯಿತು. ಅನೇಕ ಸಿಪಿಪಿ ಕುಟುಂಬಗಳು ಅಶಾಂತಿ ಬಿಟ್ಟು ಓಡಬೇಕಾಯಿತು. ಮುಂದೆ 1969ರಲ್ಲಿ ಪ್ರಧಾನಿಯಾದ ಬುಸಿಯಾ ತಾವು ಕೇಳಿದ್ದ ಒಕ್ಕೂಟವನ್ನು ತರಲಿಲ್ಲ, ಬದಲಿಗೆ ಅದೇ ವರ್ಷದ ನವೆಂಬರ್‌ನಲ್ಲಿ ದಾಖಲೆಯಿಲ್ಲದ ವಿದೇಶೀಯರನ್ನು ದೇಶದಿಂದ ಹೊರಹಾಕುವ ಆದೇಶ ಹೊರಡಿಸಿದರು.

ಎರಡೂ ಕಥೆಗಳು ಬಿಟ್ಟುಬಿಡುವ ಒಂದು ಜನ ಇದ್ದಾರೆ, ನಿಮ್ಮ ಭಾಷಣದಲ್ಲಿ ಅವರಿಗೆ ದಯವಿಟ್ಟು ಜಾಗ ಕೊಡಿ. ಅಶಾಂತಿಯ ಪಶ್ಚಿಮ ಮತ್ತು ಉತ್ತರ ಅಂಚಿನ ಬ್ರೋಂಗ್ ಜನ ಕುಮಾಸಿಯ ಯಜಮಾನಿಕೆಯಿಂದ ತಮ್ಮನ್ನು ಬಿಡಿಸಬೇಕೆಂದು ಎನ್‌ಎಲ್‌ಎಂ ಹುಟ್ಟುವ ಮೊದಲೇ ಕೇಳುತ್ತಿದ್ದರು. ಟೆಚಿಮಾನ್, ಡೋರ್ಮಾ ಮುಂತಾದ ಕಡೆಗಳ ಮುಖ್ಯಸ್ಥರು 1951ರಲ್ಲೇ ತಮ್ಮದೇ ಕೂಟ ಕಟ್ಟಿದ್ದರು. ಅಕ್ರಾದಿಂದ ಸ್ವಯಮಾಡಳಿತ ಬೇಡುತ್ತಿದ್ದ ಕುಮಾಸಿ ಅದನ್ನು ಬ್ರೋಂಗ್ ಜನರಿಗೆ ಕೊಡಲು ಸಿದ್ಧವಿರಲಿಲ್ಲ. ಒಕ್ಕೂಟವನ್ನು ದೇಶ ಒಡೆಯುವ ಕೆಲಸವೆಂದು ಖಂಡಿಸುತ್ತಿದ್ದ ಸಿಪಿಪಿ ಬ್ರೋಂಗ್ ಜನರಿಗೆ ಪ್ರತ್ಯೇಕ ಪ್ರಾಂತದ ಭರವಸೆ ಕೊಟ್ಟು 1959ರಲ್ಲಿ ಈಡೇರಿಸಿತು. ಅದರಿಂದ ಅಶಾಂತಿ ಸಣ್ಣದಾಯಿತು ಎಂಬುದೂ ಆ ಉದಾರತೆಗೆ ಒಂದು ಕಾರಣ. ಜಗಳದ ತಿರುಳು ನನಗೆ ಕಾಣುವುದು ಇಲ್ಲಿ: ಬಹುಮತ ಬೇಕು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ, ಆ ಬಹುಮತವನ್ನು ಯಾವ ಗಡಿಯೊಳಗೆ ಎಣಿಸಬೇಕು ಎಂಬುದರ ಬಗ್ಗೆಯೇ ಇಡೀ ವಿವಾದ, ಮತ್ತು ಪ್ರತಿಯೊಬ್ಬರೂ ತಾವು ಗೆಲ್ಲುವ ಗಡಿಯನ್ನೇ ನ್ಯಾಯವಾದ ಗಡಿ ಎಂದರು.

1956ರ ಎರಡು ಮತದಾನಗಳನ್ನು ಹೀಗೆ ಓದಿದರೆ ಅರ್ಥ ಸ್ಪಷ್ಟವಾಗುತ್ತದೆ. ಮೇ 9ರಂದು ಬ್ರಿಟಿಷ್ ಟೋಗೋಲ್ಯಾಂಡ್‌ನಲ್ಲಿ ನಡೆದ ಜನಮತ ಗಣನೆಯಲ್ಲಿ ಸುಮಾರು 58% ಮಂದಿ ಗೋಲ್ಡ್ ಕೋಸ್ಟ್ ಜೊತೆಗಿನ ವಿಲೀನಕ್ಕೆ ಒಪ್ಪಿದರು. ಆದರೆ ದಕ್ಷಿಣದ ಎವೆ ಜನರ ಹೋ, ಕ್ಪಾಂಡು ಜಿಲ್ಲೆಗಳಲ್ಲಿ ಬಹುಮತ ವಿಲೀನದ ವಿರುದ್ಧವಿತ್ತು. ಎರಡು ದಿನಗಳ ನಂತರ ವಸಾಹತು ಸಚಿವ ಅಲನ್ ಲೆನಾಕ್ಸ್-ಬಾಯ್ಡ್, ಇನ್ನೊಂದು ಸಾರ್ವತ್ರಿಕ ಚುನಾವಣೆ ನಡೆದು ಹೊಸ ಸಭೆ ಸಮಂಜಸವಾದ ಬಹುಮತದಿಂದ ಸ್ವಾತಂತ್ರ್ಯ ಕೇಳಿದರೆ ದಿನಾಂಕ ಗೊತ್ತುಮಾಡುವುದಾಗಿ ಪ್ರಕಟಿಸಿದರು. ಜುಲೈನ ಚುನಾವಣೆಯಲ್ಲಿ ಸಿಪಿಪಿ 104ರಲ್ಲಿ 71 ಸ್ಥಾನಗಳನ್ನೂ ಸುಮಾರು 57% ಮತಗಳನ್ನೂ ಪಡೆಯಿತು. ಅದೇ ಸಿಪಿಪಿಗೆ ಅಶಾಂತಿಯ 21ರಲ್ಲಿ ಸಿಕ್ಕಿದ್ದು 8, ಉತ್ತರದ 26ರಲ್ಲಿ 11. ಇಡೀ ದೇಶವನ್ನು ಒಂದು ಘಟಕವಾಗಿ ಎಣಿಸಿದರೆ ತೀರ್ಪು ಸ್ಪಷ್ಟ. ಪ್ರಾಂತಗಳನ್ನು ಎಣಿಸಿದರೆ ಎರಡು ಪ್ರಾಂತಗಳು ಒಪ್ಪಲಿಲ್ಲ. ಎನ್‌ಎಲ್‌ಎಂ ಎರಡನೆಯ ಲೆಕ್ಕ ಹಿಡಿದು ನವೆಂಬರ್‌ನಲ್ಲಿ ಅಶಾಂತಿ ಮತ್ತು ಉತ್ತರಕ್ಕೆ ಪ್ರತ್ಯೇಕ ಸ್ವಾತಂತ್ರ್ಯವನ್ನೇ ಕೇಳುವಷ್ಟು ದೂರ ಹೋಯಿತು.

ಬೇರೆ ದಾರಿ ಇತ್ತೇ ಎಂಬ ನಿಮ್ಮ ಪ್ರಶ್ನೆಗೆ ಇಲ್ಲಿಂದ ಉತ್ತರಿಸಬಹುದು. ಪ್ರತ್ಯೇಕ ಸ್ವಾತಂತ್ರ್ಯದ ದಾರಿಯನ್ನು ಬೇಗ ಬದಿಗಿಡಬಹುದು. ಬಂದರಿಲ್ಲದ ಅಶಾಂತಿ ತನ್ನ ಕೊಕ್ಕೊ ಸಾಗಿಸಲು ಕರಾವಳಿಯನ್ನೇ ಅವಲಂಬಿಸಬೇಕಿತ್ತು, ಬ್ರೋಂಗ್ ಪ್ರಶ್ನೆ ಮರುದಿನವೇ ಗಡಿ ಜಗಳವಾಗುತ್ತಿತ್ತು. ಸರ್ವಸಮ್ಮತಿ ಮೂಡುವವರೆಗೆ ಸ್ವಾತಂತ್ರ್ಯವನ್ನು ಮುಂದೂಡುವುದು ಬುಸಿಯಾ ಒತ್ತಾಯಿಸಿದ ದಾರಿ. ಅದರ ಅಪಾಯವೆಂದರೆ, ಸಮ್ಮತಿ ಕೊಡದೇ ಇರುವುದೇ ಅಲ್ಪಸಂಖ್ಯಾತ ಪಕ್ಷಕ್ಕೆ ಲಾಭದಾಯಕವಾಗುತ್ತದೆ, ಅತ್ತ 1948ರ ಗಲಭೆಗಳು ಮರುಕಳಿಸುವ ಭಯವೂ ಇತ್ತು.

ಪೂರ್ಣ ಒಕ್ಕೂಟದ ದಾರಿಯಲ್ಲಿ ಎರಡು ತೊಡಕುಗಳಿದ್ದವು. ಕೊಕ್ಕೊ ಆದಾಯ ಬೆಳೆದ ಪ್ರಾಂತದಲ್ಲೇ ಉಳಿದರೆ, ಶಾಲೆ ಮತ್ತು ರಸ್ತೆಗಳಲ್ಲಿ ಬಹಳ ಹಿಂದುಳಿದಿದ್ದ ಉತ್ತರಕ್ಕೆ ಏನು ಸಿಗುತ್ತಿತ್ತು ಎಂಬುದಕ್ಕೆ ಎನ್‌ಎಲ್‌ಎಂ ಬಳಿ ಸಮಾಧಾನಕರ ಉತ್ತರವಿರಲಿಲ್ಲ. ಎರಡನೆಯದು, ಪ್ರತಿ ಪ್ರಾಂತವೂ ಒಂದೊಂದು ಪ್ರಬಲ ಗುಂಪಿನ ಸೊತ್ತಾಗುವ ಅಪಾಯ. 1954ರಲ್ಲಿ ಮೂರು ದೊಡ್ಡ ಪ್ರಾಂತಗಳ ಒಕ್ಕೂಟವಾದ ನೈಜೀರಿಯಾದಲ್ಲಿ ಅದು ಹಾಗೆಯೇ ಆಗಿ, 1967ರಿಂದ 1970ರವರೆಗಿನ ಅಂತರ್ಯುದ್ಧಕ್ಕೆ ಮುಖ್ಯ ಕಾರಣಗಳಲ್ಲಿ ಒಂದಾಯಿತು. ಇತ್ತ ಸಿಪಿಪಿ ಬಯಸಿದ ಪೂರ್ಣ ಕೇಂದ್ರೀಕೃತ ಆಡಳಿತದ ಅಪಾಯವನ್ನು ಊಹಿಸಬೇಕಾಗಿಲ್ಲ, ಅದು ನಡೆದೇ ಹೋಯಿತು.

ಉಳಿದದ್ದು ಮಧ್ಯದ ದಾರಿ: ಒಂದೇ ದೇಶ, ಒಂದೇ ಸಂಸತ್ತು, ಆದರೆ ಸ್ಥಳೀಯ ಆಡಳಿತ, ಶಿಕ್ಷಣ, ಕೃಷಿಯಂಥ ವಿಷಯಗಳಲ್ಲಿ ನಿಜವಾದ ಅಧಿಕಾರವಿರುವ ಪ್ರಾಂತೀಯ ಸಭೆಗಳು. ಬೋರ್ನ್ ವರದಿಯ ದಿಕ್ಕು ಇದೇ ಆಗಿತ್ತು, ಮತ್ತು ಇದು ಆಗಬಹುದಾಗಿದ್ದ ದಾರಿ ಎಂದೇ ನನ್ನ ಅಭಿಪ್ರಾಯ. ಈ ದಾರಿ ಕೈತಪ್ಪಿದ್ದು ಹೇಗೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎನ್‌ಎಲ್‌ಎಂ ಬೋರ್ನ್ ಅವರನ್ನು ಭೇಟಿಯಾಗಲೇ ಇಲ್ಲ. ವರದಿಯನ್ನು ಚರ್ಚಿಸಲು 1956ರ ಆರಂಭದಲ್ಲಿ ಅಚಿಮೋಟಾದಲ್ಲಿ ನಡೆದ ಸಮ್ಮೇಳನವನ್ನೂ ಬಹಿಷ್ಕರಿಸಿತು. ಆಗಸ್ಟ್ 3ರಂದು ಸ್ವಾತಂತ್ರ್ಯದ ನಿರ್ಣಯ ಮಂಡನೆಯಾದಾಗ ವಿರೋಧ ಪಕ್ಷ ಸಭೆಯಲ್ಲೇ ಇರಲಿಲ್ಲ, ನಿರ್ಣಯ 72-0ರಿಂದ ಅಂಗೀಕಾರವಾಯಿತು. ಕೊನೆಯ ಗಳಿಗೆಯಲ್ಲಿ, 1957ರ ಜನವರಿಯಲ್ಲಿ, ಲೆನಾಕ್ಸ್-ಬಾಯ್ಡ್ ಸ್ವತಃ ಬಂದು ಸಂಧಾನ ನಡೆಸಿದ ಮೇಲೆ ಪ್ರಾಂತೀಯ ಸಭೆಗಳು ಸಂವಿಧಾನದಲ್ಲಿ ಸೇರಿದವು, ಅವುಗಳಿಗೆ ಸಂಬಂಧಿಸಿದ ವಿಧಿಗಳ ತಿದ್ದುಪಡಿಗೆ ಆ ಸಭೆಗಳದೇ ಒಪ್ಪಿಗೆ ಬೇಕೆಂಬ ಬಿಗಿಯೂ ಸೇರಿತು. ಆದರೆ ಆ ಸಭೆಗಳ ಅಧಿಕಾರವೇನು ಎಂಬುದನ್ನು ಮುಂದಿನ ಸಂಸತ್ತು ಮಾಡುವ ಕಾಯ್ದೆಗೆ ಬಿಡಲಾಯಿತು. 1957ರ ಮಾರ್ಚ್ 6ರಂದು ಘಾನಾ ಸ್ವತಂತ್ರವಾದಾಗ ಬೀಗ ಇತ್ತು, ಬಾಗಿಲಿನ ಹಿಂದಿನ ಕೋಣೆಯನ್ನು ಇನ್ನೂ ಕಟ್ಟಿರಲಿಲ್ಲ.

1958ರಲ್ಲಿ ಕಾಯ್ದೆ ಬಂದಾಗ ಸಭೆಗಳಿಗೆ ಸಲಹೆ ನೀಡುವ ಕೆಲಸವಷ್ಟೇ ಉಳಿದಿತ್ತು. ಸಿಟ್ಟಿಗೆದ್ದ ವಿರೋಧ ಪಕ್ಷ ಅವುಗಳ ಚುನಾವಣೆಯನ್ನೂ ಬಹಿಷ್ಕರಿಸಿತು. ಹೀಗಾಗಿ ಸಭೆಗಳ ತುಂಬ ಸಿಪಿಪಿ ಸದಸ್ಯರೇ ಕುಳಿತರು, ಮತ್ತು ತಿದ್ದುಪಡಿಗೆ ಬೇಕಿದ್ದ ಪ್ರಾಂತಗಳ ಒಪ್ಪಿಗೆ ಯಾವ ತಡೆಯೂ ಇಲ್ಲದೆ ದೊರೆತು, ಅದೇ ವರ್ಷ ಸಂವಿಧಾನದ ರಕ್ಷಣಾ ವಿಧಿಗಳು ರದ್ದಾದವು. ಪ್ರಾಂತೀಯ, ಮತೀಯ, ಬುಡಕಟ್ಟು ನೆಲೆಯ ಪಕ್ಷಗಳನ್ನು ನಿಷೇಧಿಸುವ ಕಾಯ್ದೆ 1957ರ ಕೊನೆಯಲ್ಲೇ ಬಂದಿತ್ತು. 1958ರಲ್ಲಿ ವಿಚಾರಣೆಯಿಲ್ಲದೆ ಐದು ವರ್ಷ ಬಂಧನದಲ್ಲಿಡುವ ಕಾಯ್ದೆಯೂ ಸೇರಿಕೊಂಡಿತು. ಅಕೋಟೊ ಅವರನ್ನು ಆ ಕಾಯ್ದೆಯಡಿ ಬಂಧಿಸಿದಾಗ, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸ್ವಾತಂತ್ರ್ಯ ಹೋರಾಟದ ಹಿರಿಯ ಜೆ.ಬಿ. ಡಾನ್‌ಕ್ವಾ 1965ರ ಫೆಬ್ರವರಿಯಲ್ಲಿ ಸೆರೆಯಲ್ಲೇ ತೀರಿಕೊಂಡರು. 1964ರಲ್ಲಿ ಏಕಪಕ್ಷ ರಾಷ್ಟ್ರವಾಗಿದ್ದ ಘಾನಾದಲ್ಲಿ 1966ರ ಫೆಬ್ರವರಿ 24ರಂದು ಸೇನೆ ಎನ್‌ಕ್ರುಮಾ ಸರ್ಕಾರವನ್ನು ಉರುಳಿಸಿತು.

ಈ ಕ್ರಮದಲ್ಲಿ ನೋಡಿದಾಗ ಹೊಣೆ ಹಂಚಿಹೋಗುತ್ತದೆ, ಆದರೆ ಸಮಾನವಾಗಿ ಅಲ್ಲ. ಅಧಿಕಾರ ಕೈಯಲ್ಲಿದ್ದ ಎನ್‌ಕ್ರುಮಾ ಸರ್ಕಾರದ ಪಾಲು ದೊಡ್ಡದು, ಏಕೆಂದರೆ ಜನರನ್ನು ಬಂಧಿಸಲು ಯಾರೂ ಅದನ್ನು ಒತ್ತಾಯಿಸಿರಲಿಲ್ಲ. ವಿರೋಧ ಪಕ್ಷದ ಪಾಲೆಂದರೆ, ಪೂರ್ತಿ ಸಿಗದಿದ್ದರೆ ಏನೂ ಬೇಡ ಎಂದು ಮತ್ತೆ ಮತ್ತೆ ಮೇಜಿನಿಂದ ಎದ್ದು ಹೋದದ್ದು. ಪ್ರಾಂತೀಯ ಸಭೆಗಳ ಅಧಿಕಾರವನ್ನು ಅಂಶ ಅಂಶವಾಗಿ ಬರೆಸಿಕೊಳ್ಳುವ ಕಾಲ ಅಚಿಮೋಟಾದ ಸಮ್ಮೇಳನವೇ ಆಗಿತ್ತು, ಆಗ ಎನ್‌ಕ್ರುಮಾಗೆ ಸ್ವಾತಂತ್ರ್ಯದ ದಿನಾಂಕ ಬೇಕಾಗಿತ್ತು, ಅದಕ್ಕಾಗಿ ಅವರು ಬೆಲೆ ತೆರಲು ಸಿದ್ಧರಿದ್ದರು. ದಿನಾಂಕ ಸಿಕ್ಕಿದ ಮೇಲೆ ಆ ಅಗತ್ಯ ಉಳಿಯಲಿಲ್ಲ.

ನಿಮ್ಮ ಮಗನ ಸಹೋದ್ಯೋಗಿಗಳು ಇಂದಿಗೂ ಇದರ ಬಗ್ಗೆ ಬಿಸಿಯಾಗಿ ಮಾತಾಡುವುದಕ್ಕೆ ಕಾರಣ, ಅಲ್ಲಿನ ಪಕ್ಷ ರಾಜಕೀಯದಲ್ಲಿ ಈ ಎರಡು ಪರಂಪರೆಗಳು ಜೀವಂತವಾಗಿರುವುದು. ನ್ಯೂ ಪೇಟ್ರಿಯಾಟಿಕ್ ಪಾರ್ಟಿ ತನ್ನನ್ನು ಡಾನ್‌ಕ್ವಾ ಮತ್ತು ಬುಸಿಯಾ ಪರಂಪರೆಯದೆಂದು ಹೇಳಿಕೊಳ್ಳುತ್ತದೆ, ಅಶಾಂತಿ ಈಗಲೂ ಅದರ ಭದ್ರ ನೆಲೆ. ಆದರೂ ಯಾವ ದೊಡ್ಡ ಪಕ್ಷವೂ ಒಕ್ಕೂಟದ ಮಾತೆತ್ತುವುದಿಲ್ಲ. 2018ರ ಕೊನೆಯಲ್ಲಿ ನಡೆದ ಜನಮತ ಗಣನೆಯ ನಂತರ ಪ್ರಾಂತಗಳ ಸಂಖ್ಯೆ 10ರಿಂದ 16ಕ್ಕೆ ಏರಿತು, ಬ್ರೋಂಗ್ ಜನರ ಪ್ರಾಂತವೇ ಮೂರಾಯಿತು; ಆದರೆ ಪ್ರಾಂತದ ಸಚಿವರನ್ನು ನೇಮಿಸುವವರು ರಾಷ್ಟ್ರಾಧ್ಯಕ್ಷರೇ. ಜಿಲ್ಲಾ ಸಭೆಗಳಿಗೆ ಚುನಾವಣೆ ನಡೆಯುತ್ತದೆ, ಜಿಲ್ಲೆಯ ಮುಖ್ಯ ಕಾರ್ಯನಿರ್ವಾಹಕರ ಹೆಸರು ಮಾತ್ರ ರಾಷ್ಟ್ರಾಧ್ಯಕ್ಷರಿಂದ ಬರುತ್ತದೆ, ಸಭೆ ಅದಕ್ಕೆ ಒಪ್ಪಿಗೆ ನೀಡಬೇಕು. ಸ್ಥಳೀಯ ಚುನಾವಣೆಗಳಲ್ಲಿ ಪಕ್ಷಗಳು ಸ್ಪರ್ಧಿಸಲು ಅವಕಾಶ ಕೊಡುವ ಬಗ್ಗೆ 2019ರ ಡಿಸೆಂಬರ್‌ನಲ್ಲಿ ನಡೆಯಬೇಕಿದ್ದ ಜನಮತ ಗಣನೆಯನ್ನು, ಸಹಮತ ಮೂಡಲಿಲ್ಲವೆಂದು, ಸರ್ಕಾರ ಕೊನೆಯ ವಾರಗಳಲ್ಲಿ ಕೈಬಿಟ್ಟಿತು.